ಸಕೀನಮ್ಮನ ಅಂಗೈ

ಆ ವರ್ಷದಿಂದ ನನ್ನ ಕಿವಿಯಲ್ಲಿ ಉಳಿದುಬಿಟ್ಟಿರುವುದು ಒಂದು ಸದ್ದು. ಬೆಳಗಿನ ಹೊತ್ತು ಡಿಸ್ಪೆನ್ಸರಿಯ ವರಾಂಡದಲ್ಲಿ ಸಾಲಾಗಿ ಕೂತ ಹೆಂಗಸರು ಮಣಿಕಟ್ಟು ಕೆರೆದುಕೊಳ್ಳುತ್ತಿದ್ದ ಸದ್ದು. ಗಾಜಿನ ಬಳೆಗಳನ್ನು ಮೊಳಕೈ ಕಡೆಗೆ ಸರಿಸಿ ಪರಪರನೆ ಕೆರೆದು ಕೈ ಇಳಿಬಿಟ್ಟರೆ, ಬಳೆಗಳೆಲ್ಲ ಒಟ್ಟಿಗೆ ಜಾರಿ ಬಂದು ಮತ್ತೆ ಅದೇ ಜಾಗದಲ್ಲಿ ಕೂರುತ್ತಿದ್ದವು. ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು ಶುರು. ಒಳಗೆ ಕೂತು ಚೀಟಿ ಬರೆಯುತ್ತಿದ್ದ ನನಗೆ ಅದು ಮೊದಮೊದಲು ಕಿರಿಕಿರಿಯಾಯಿತು, ಆಮೇಲೆ ರೂಢಿಯಾಯಿತು, ಕೊನೆಗೆ ಕೇಳಿಸುವುದೇ ನಿಂತುಹೋಯಿತು. ಡಾಕ್ಟರಾದವಳು ಕೇಳಿಸಿಕೊಳ್ಳಬೇಕಾಗಿದ್ದದ್ದೇ ಅದನ್ನು.

ಹೋದ ತಿಂಗಳು ಪಕ್ಕದ ಮನೆಯವರ ನಾಯಿಗೆ ಕಜ್ಜಿಯಾಗಿತ್ತು. ಕಾಂಪೌಂಡಿನಲ್ಲಿ ಅದಕ್ಕೆ ಗಂಧಕದ ಸೋಪು ಹಚ್ಚಿ ತೊಳೆಯುತ್ತಿದ್ದರು. ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಆಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಮಗಳು, "ವಾಟ್ ಈಸ್ ಇಟ್, ಅಮ್ಮಾ?" ಅಂತ ಕೇಳಿದಳು. ಏನಿಲ್ಲ, ಸೆಖೆ ಅಂದೆ. ಅರವತ್ತು ವರ್ಷದ ಹಿಂದಿನದನ್ನು ಅಡುಗೆಮನೆಯಲ್ಲಿ ನಿಂತು ಹೇಳುವುದು ಹೇಗೆ? ಬರೆದಾದರೂ ಇಡೋಣವೆಂದು ಕೂತಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಮೆಡಿಕಲ್ ಕಾಲೇಜಿನಿಂದ ಹೊರಬಿದ್ದು ಇನ್ನೂ ವರ್ಷ ತುಂಬಿರಲಿಲ್ಲ. ಮೊದಲ ಪೋಸ್ಟಿಂಗ್ ಶಿರಾಕ್ಕೂ ಮಧುಗಿರಿಗೂ ನಡುವಿನ ಒಂದು ಹಳ್ಳಿಯ ಡಿಸ್ಪೆನ್ಸರಿಗೆ. ಊರಿನ ಹೆಸರು ಬರೆಯುವುದಿಲ್ಲ. ಆಗಿನವರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ, ಇದು ಅವರ ತಪ್ಪಲ್ಲ. ಕೆಂಪು ಹೆಂಚಿನ ಎರಡು ರೂಮು, ಮುಂದೆ ವರಾಂಡ, ಹಿಂದೆ ಔಷಧಿ ಪೆಟ್ಟಿಗೆಗಳನ್ನಿಡುವ ಒಂದು ಕೋಣೆ, ಅಂಗಳದಲ್ಲಿ ಹುಣಸೆ ಮರ. ದಿನಕ್ಕೆ ಎರಡು ಬಸ್ಸು. ಅವು ಹೋದ ಮೇಲೆ ಧೂಳು ಇಳಿಯಲು ಅರ್ಧ ಗಂಟೆ ಬೇಕಾಗುತ್ತಿತ್ತು. ಮಲೇರಿಯಾ ಸ್ಲೈಡ್ ನೋಡಲೆಂದು ಕೊಟ್ಟಿದ್ದ ಹಿತ್ತಾಳೆಯ ಮೈಕ್ರೋಸ್ಕೋಪ್ ಒಂದೇ ಅಲ್ಲಿದ್ದ ಬೆಲೆಬಾಳುವ ವಸ್ತು.

ನಾನು ಓದಿದ್ದು ಬೆಂಗಳೂರಿನ ಕಾನ್ವೆಂಟಿನಲ್ಲಿ. ಬರೆಯುವಾಗ ಡೆಸ್ಕಿಗೆ ತಾಗಿ ಸದ್ದಾಗುತ್ತದೆಂದು ನಮ್ಮ ಸಿಸ್ಟರ್‌ಗಳು ಗಾಜಿನ ಬಳೆ ಹಾಕಲು ಬಿಡುತ್ತಿರಲಿಲ್ಲ. ಹಾಗಾಗಿ ನನ್ನದು ಬರಿಗೈ. ಜೊತೆಗೆ ಅವರು ಕಲಿಸಿದ ಅಕ್ಷರ, ಅಚ್ಚು ಹಾಕಿದ ಹಾಗೆ. ಡಾಕ್ಟರ್ ಬರವಣಿಗೆ ಯಾರಿಗೂ ತಿಳಿಯಬಾರದು ಅನ್ನುವ ತಮಾಷೆ ಇದೆಯಲ್ಲ, ನನ್ನದು ಎಲ್ಲರಿಗೂ ತಿಳಿಯುತ್ತಿತ್ತು. ಅದೊಂದು ಶಾಪವಾದೀತೆಂದು ಯಾರಿಗೆ ಗೊತ್ತಿತ್ತು?

ನನ್ನ ಬರಿಗೈಯನ್ನು ಸಹಿಸದವಳು ಡಿಸ್ಪೆನ್ಸರಿಯ ಆಯಾ ತಿಮ್ಮಕ್ಕ. ನಲವತ್ತೈದರ ಹೆಂಗಸು, ಹೆರಿಗೆಯಲ್ಲಿ ನನಗಿಂತ ಹೆಚ್ಚು ತಿಳಿದವಳು, ಅದನ್ನು ನನಗೆ ಮರೆಯಲು ಬಿಡದವಳು. "ಬೋಳು ಕೈ ಇಟ್ಕಂಡು ಬಾಣ್ತೇರ್ನ ಮುಟ್ತೀರಲ್ಲ ಕಣಮ್ಮ, ನಿಮ್ಗೇನೋ ಇಂಗ್ಲೀಸು, ಆ ಕೂಸಿಗೇನು ಇಂಗ್ಲೀಸಾ?" ಅನ್ನುತ್ತಿದ್ದಳು. ಶ್ರಾವಣದಲ್ಲಿ ಒಂದು ದಿನ ಆಕೆ ನನ್ನ ಮೊಳಕೈ ಹಿಡಿದು ವರಾಂಡಕ್ಕೆ ಎಳೆದುಕೊಂಡು ಬಂದು ಒಬ್ಬ ಬಳೆಗಾರ್ತಿಯ ಮುಂದೆ ಕೂರಿಸಿದಳು.

ಹಾಗೆ ನಾನು ಸಕೀನಾ ಬೀಯನ್ನು ಮೊದಲು ಕಂಡದ್ದು. ಹಳ್ಳಿಯವರ ಬಾಯಲ್ಲಿ ಸಕೀನಮ್ಮ. ಶಿರಾದವಳು, ಮಸೀದಿ ಹಿಂದಿನ ಓಣಿಯಲ್ಲಿ ತಮ್ಮನ ಮನೆ. ಗಂಡ ತೀರಿ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಹಗ್ಗಕ್ಕೆ ಪೋಣಿಸಿದ ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು, ಸೆರಗು ತಲೆ ಮೇಲೆ ಹೊದ್ದು, ಒಂದು ಸುತ್ತಿಗೆ ಬರಗೂರು, ಇನ್ನೊಂದು ಸುತ್ತಿಗೆ ಮಧುಗಿರಿ ಕಡೆ, ಕಾರ್ತಿಕದಲ್ಲಿ ಸಿದ್ದರಬೆಟ್ಟದ ತಪ್ಪಲು, ಹೀಗೆ ಕೊರಟಗೆರೆಯವರೆಗೂ ನಡೆಯುತ್ತಿದ್ದಳು. ಆಕೆ ಕೈ ಹಿಡಿದರೆ ಹೆಂಗಸರು ಕಣ್ಣು ಮುಚ್ಚುತ್ತಿದ್ದರು. ಸೋಪಿಲ್ಲ, ಎಣ್ಣೆಯಿಲ್ಲ. ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ಒತ್ತಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಮಾತಾಡುತ್ತ ಮಾತಾಡುತ್ತ ಬಳೆ ಒಳಗೆ ಹೋಗಿರುತ್ತಿತ್ತು. ಮಾತೆಂದರೆ ಸುಮ್ಮನೆ ಮಾತಲ್ಲ. ನಿಮ್ಮ ಅವ್ವ ಬರಗೂರಿನಲ್ಲಿ ಚೆನ್ನಾಗಿದ್ದಾಳೆ, ನಿಮ್ಮಣ್ಣನಿಗೆ ಗಂಡು ಹುಟ್ಟಿತು, ನಿಮ್ಮಪ್ಪನ ಮಂಡಿ ನೋವು ಹಾಗೇ ಇದೆ. ತವರಿನ ಸುದ್ದಿ ಸೊಸೆಯಂದಿರಿಗೆ ಬರುತ್ತಿದ್ದದ್ದು ಆಕೆಯ ಕೈಯ ಮೂಲಕವೇ. ಅತ್ತೆಯ ಎದುರಿಗೇ ಅಳಬಹುದಾಗಿದ್ದ ಹೊತ್ತು ಅದೊಂದೇ; ಬಳೆ ಬಿಗಿಯಾಯ್ತು ಅಂದರೆ ಆಯಿತು. ತೊಡಿಸಿದ ಮೇಲೆ ಹೆಂಗಸರು ಆಕೆಗೆ ನಮಸ್ಕಾರ ಮಾಡುತ್ತಿದ್ದರು. ಆಕೆ ತಲೆ ಮೇಲೆ ಕೈಯಿಟ್ಟು, ನೂರು ವರ್ಷ ಬಾಳು ತಾಯಿ, ಅನ್ನುತ್ತಿದ್ದಳು.

ನನ್ನ ಕೈ ಹಿಡಿದಾಗ ಆಕೆಯ ಅಂಗೈ ಸುಣ್ಣದ ಗೋಡೆಯಷ್ಟು ಒರಟಾಗಿತ್ತು. ನಾನು ಬೆಚ್ಚಿದ್ದು ಆಕೆಗೆ ತಿಳಿಯಿತು. ಬಳೆ ಮಾರುವವಳ ಕೈ ಬೇಟಿ, ಗಾಜು ತಿಂದು ತಿಂದು ಹೀಗಾಗಿದೆ, ಎಂದು ನಕ್ಕಳು. ಸುತ್ತ ಇದ್ದವರು ಆಕೆಯ ಮುಖವನ್ನೇ ಹೊಗಳುತ್ತಿದ್ದರು. ವರ್ಷಗಟ್ಟಲೆ ಉಬ್ಬಸದಿಂದ ಎಲುಬು ಬಿಟ್ಟುಕೊಂಡಿದ್ದವಳು ಈಗ ಎರಡು ವರ್ಷದಿಂದ ದುಂಡಗಾಗಿದ್ದಾಳೆ, ಮುಖ ಹುಣ್ಣಿಮೆ ಚಂದ್ರನಾಗಿದೆ, ಅಲ್ಲಾ ಕಣ್ಣು ಬಿಟ್ಟ, ಅಂತ. ಒಳ್ಳೆ ಔಷಧಿ ಸಿಕ್ಕಿತು ಅಂದಳು ಸಕೀನಮ್ಮ. ಯಾವ ಔಷಧಿ ಅಂತ ಕೇಳಲು ನನಗೆ ಹೊಳೆಯಲಿಲ್ಲ. ನಾನು ನನ್ನ ಕೈಯಲ್ಲಿದ್ದ ಹಸಿರು ಬಳೆಗಳನ್ನು ನೋಡುತ್ತಿದ್ದೆ. ಟು ಬಿ ಆನೆಸ್ಟ್, ನನಗೆ ತುಂಬ ಖುಷಿಯಾಗಿತ್ತು.

ಗೌರಿ ಹಬ್ಬದ ಹೊತ್ತಿಗೆ ಆಕೆ ತಾಲ್ಲೂಕಿನ ಅರ್ಧ ಹೆಂಗಸರಿಗೆ ಬಳೆ ತೊಡಿಸಿದ್ದಳು. ಹಬ್ಬ ಕಳೆದು ಎರಡು ಮೂರು ವಾರಕ್ಕೆ ವರಾಂಡದಲ್ಲಿ ಆ ಕೆರೆತ ಶುರುವಾಯಿತು. ಮಳೆಗಾಲದ ಕಜ್ಜಿ, ಪ್ರತಿ ವರ್ಷದ್ದೇ, ಅಂದರು ನಮ್ಮ ಕಾಂಪೌಂಡರ್ ನಂಜುಂಡಯ್ಯನವರು. ನಾನೂ ಹೂಂ ಅಂದು ಎಲ್ಲರಿಗೂ ಕ್ಯಾಲಮೈನ್ ಲೋಷನ್ ಕೊಟ್ಟೆ. ನನಗೂ ಬೆರಳ ಸಂದಿಯಲ್ಲಿ ತುರಿಕೆ. ಕಾರ್ಬಾಲಿಕ್ ಸೋಪಿನಿಂದ ಎಂದುಕೊಂಡೆ.

ಮಹಾನವಮಿಗೆ ಇನ್ನೂ ಕೆಲವು ದಿನಗಳಿದ್ದವು. ಒಂದು ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಸಕೀನಮ್ಮ ಬಂದಳು. ಮಲಾರ ಇರಲಿಲ್ಲ. ಕೈಗಳನ್ನು ಸೆರಗಿನಿಂದ ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟಳು, ಬೇರೆ ಯಾರದೋ ವಸ್ತುವನ್ನು ಇಡುವ ಹಾಗೆ. ಅಂಗೈ ತುಂಬ, ಬೆರಳ ಸಂದಿಗಳಲ್ಲಿ, ಉಗುರಿನ ಕೆಳಗೆ, ಬೂದಿ ಬಣ್ಣದ ದಪ್ಪ ಹೊಪ್ಪಳೆ, ಬೇಸಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟು ಬಿರುಕಿನಲ್ಲಿ ರಕ್ತ. ಮೊಳಕೈ ಮೇಲೂ ಅದೇ. ತುರಿಕೆ ಇದೆಯಾ ಅಂತ ಕೇಳಿದೆ. ಇಲ್ಲ. ಒಂಚೂರೂ ಇಲ್ಲ. ಹತ್ತಿಯ ಎಳೆಯಿಂದ ಅಂಗೈ ಸವರಿ, ಕಣ್ಣು ಮುಚ್ಚಿ, ತಿಳಿದಾಗ ಹೇಳಿ ಅಂದೆ. ಆಕೆ ಕಣ್ಣು ಮುಚ್ಚಿ ಕೂತೇ ಇದ್ದಳು. ಮತ್ತೆ ಸವರಿದೆ. ತಿಳಿಯಲಿಲ್ಲ.

ಅಷ್ಟು ದಪ್ಪದ ಹೊಪ್ಪಳೆಯ ಮೇಲೆ ಹತ್ತಿ ಆಡಿಸಿದರೆ ಯಾರಿಗೆ ತಾನೇ ತಿಳಿದೀತು? ಗೋಡೆ ಸವರಿ ಗೋಡೆಯಾಚೆಯವನನ್ನು ಕೇಳಿದ ಹಾಗೆ. ಆದರೆ ನನ್ನ ತಲೆಯಲ್ಲಿ ಪರೀಕ್ಷೆಯ ಉತ್ತರ ಸಿದ್ಧವಾಗಿತ್ತು: ಸ್ಪರ್ಶವಿಲ್ಲ, ತುರಿಕೆಯಿಲ್ಲ, ಮುಖ ಊದಿದೆ. ಕುಷ್ಠ. ಚರ್ಮದ ಸ್ಮಿಯರ್ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕಿತ್ತು. ಅದಕ್ಕೆ ಬೇಕಾದ ಬಣ್ಣದ ಬಾಟಲಿ ಒಣಗಿತ್ತು. ಹೊಸದಕ್ಕೆ ಬರೆದು ಹಾಕಿ ಎರಡು ತಿಂಗಳಾಗಿತ್ತು. ಕಾಯಬಹುದಿತ್ತು. ಕಾಯಲಿಲ್ಲ. ಕುಷ್ಠರೋಗದ ಆಸ್ಪತ್ರೆಗೆ ಚೀಟಿ ಬರೆದೆ.

ಚೀಟಿ ತೆಗೆದುಕೊಳ್ಳುವ ಮೊದಲು ಆಕೆ ಕೇಳಿದಳು: "ಬೇಟಿ, ಈ ಕೈನಾಗೆ ಮತ್ತೆ ಬಳೆ ತೊಡಸ್ತೀನಾ? ಅದೊಂದ್ ಹೇಳ್ಬುಡು ಸಾಕು."

ತೊಡಿಸ್ತೀರಿ, ಅಂದೆ. ದೊಡ್ಡ ಆಸ್ಪತ್ರೆಗೆ ತೋರಿಸಿ, ಅಲ್ಲಿಯವರೆಗೆ ಯಾರ ಕೈಯನ್ನೂ ಹಿಡಿಯಬೇಡಿ ಅಂತಲೂ ಅಂದೆ. ಕಾಯಿಲೆಯ ಹೆಸರು ಹೇಳಲಿಲ್ಲ. ಅದು ದಯೆ ಎಂದು ನಾನು ತಿಳಿದಿದ್ದೆ.

ಸಕೀನಮ್ಮನಿಗೆ ಓದು ಬಾರದು. ಸಂಜೆಯ ಶಿರಾ ಬಸ್ಸಿನಲ್ಲಿ, ಈ ಆಸ್ಪತ್ರೆ ಎಲ್ಲಿ ಬರುತ್ತದೆ ನೋಡಪ್ಪ, ಎಂದು ಕಂಡಕ್ಟರಿಗೆ ಚೀಟಿ ಕೊಟ್ಟಿದ್ದಾಳೆ. ಅವನಿಗೆ ಇಂಗ್ಲಿಷ್ ಬಾರದೆ ಮುಂದಿನ ಸೀಟಿನ ಸ್ಕೂಲ್ ಮೇಷ್ಟರಿಗೆ ಕೊಟ್ಟಿದ್ದಾನೆ. ಅವರು ನನ್ನ ಮುದ್ದಾದ ಅಕ್ಷರವನ್ನು ಗಟ್ಟಿಯಾಗಿ ಓದಿ, ಬಸ್ಸಿಗೆಲ್ಲ ಕೇಳುವಂತೆ ಅರ್ಥ ಹೇಳಿದ್ದಾರೆ. ನಾನು ಬರೆದಿದ್ದ ಸಸ್ಪೆಕ್ಟೆಡ್ ಎಂಬ ಮಾತು ಅಲ್ಲಿ ಯಾರಿಗೆ ಬೇಕಿತ್ತು? ಕೆರೆ ಏರಿಯ ಮೇಲೆ ಬಸ್ಸು ನಿಲ್ಲಿಸಿ ಆಕೆಯನ್ನು ಇಳಿಸಿದರು. ಆಕೆ ಶಿರಾಕ್ಕೆ ನಡೆದು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ತಮ್ಮ ಆಕೆಯ ಚಾಪೆಯನ್ನು ಹಿತ್ತಲ ಆಡಿನ ಕೊಟ್ಟಿಗೆಯಲ್ಲಿ ಹಾಸಿದ್ದ.

ಇದನ್ನೆಲ್ಲ ನನಗೆ ಹೇಳಿದವಳು ತಿಮ್ಮಕ್ಕ, ಮಾರನೆಯ ದಿನ, ನನ್ನ ಮುಖ ನೋಡದೆ. ಆಕೆಯ ಎರಡೂ ಕೈಯಲ್ಲಿ ಬಳೆ ಇರಲಿಲ್ಲ. ಮಣಿಕಟ್ಟಿಗೆ ಅರಿಸಿನದ ದಾರ ಕಟ್ಟಿಕೊಂಡಿದ್ದಳು.

ಮುತ್ತೈದೆ ಬಳೆ ಒಡೆಯುವಂತಿಲ್ಲ. ದೊಡ್ಡ ರೋಗದವಳು ತೊಡಿಸಿದ ಬಳೆ ಇಟ್ಟುಕೊಳ್ಳುವಂತೆಯೂ ಇಲ್ಲ. ಊರೂರಿನ ಹೆಂಗಸರು ಸೀಗೆಕಾಯಿ ನೊರೆ ಹಚ್ಚಿ, ಚರ್ಮ ಸುಲಿಸಿಕೊಂಡು, ಒಂದೊಂದೇ ಬಳೆಯನ್ನು ಎಳೆದು ತೆಗೆದು ಊರಾಚೆ ಹುತ್ತದ ಬಳಿ ಸುರಿದು ಬಂದರು. ಒಂದು ವಾರ ಡಿಸ್ಪೆನ್ಸರಿಗೆ ಬಂದವರೆಲ್ಲ ಗೆಣ್ಣಿನ ಚರ್ಮ ಕಿತ್ತುಹೋದವರೇ. ಹಸಿರು ಬಳೆ ಇದ್ದಲ್ಲೆಲ್ಲ ಹಳದಿ ದಾರ. ಕೆರೆತ ಮಾತ್ರ ಹಾಗೇ ಇತ್ತು.

ಆಗ ನನಗೆ ಕಂಡಿತು. ಗೆಣ್ಣಿಗೆ ಟಿಂಚರ್ ಹಚ್ಚುತ್ತಿದ್ದೆ, ಒಬ್ಬ ಸೊಸೆಯ ಕೈ ನನ್ನ ಕೈಯಲ್ಲಿತ್ತು. ಇದುವರೆಗೆ ಬಳೆಗಳ ಕೆಳಗೆ ಮುಚ್ಚಿಹೋಗಿದ್ದ ಮಣಿಕಟ್ಟು ಬೆಳಕಿಗೆ ಬಿದ್ದಿತ್ತು. ಅಲ್ಲಿ ಕೂದಲೆಳೆಯಷ್ಟು ಸಣ್ಣ, ಅಂಕುಡೊಂಕಾದ ಗೆರೆಗಳು. ಮುಂದಿನವಳ ಕೈ ನೋಡಿದೆ. ಅವಳಲ್ಲೂ. ಆ ಮುಂದಿನವಳಲ್ಲೂ, ಸರಿಯಾಗಿ ಬಳೆ ಕೂರುವ ಜಾಗದಲ್ಲಿ, ಬೆರಳ ಸಂದಿಗಳಲ್ಲಿ. ಬಾಗಿಲು ಹಾಕಿಕೊಂಡು ನನ್ನ ಬಳೆಗಳನ್ನು ಸರಿಸಿ ನೋಡಿದೆ. ನಾನೊಬ್ಬಳೇ ತೆಗೆದಿರಲಿಲ್ಲ, ಹಠಕ್ಕೋ ನಾಚಿಕೆಗೋ ಗೊತ್ತಿಲ್ಲ. ನನ್ನ ಗೆರೆಯ ತುದಿಯನ್ನು ಸೂಜಿಯಿಂದ ಕೆರೆದು, ಒಂದು ತೊಟ್ಟು ಎಣ್ಣೆಯಲ್ಲಿ ಇಟ್ಟು, ಮೈಕ್ರೋಸ್ಕೋಪಿನ ಕೆಳಗೆ ತಳ್ಳಿದೆ. ದುಂಡಗಿನ ಮೈ, ಮೋಟು ಕಾಲುಗಳು, ನಿಧಾನವಾಗಿ ಆಡುತ್ತಿತ್ತು. ಕಜ್ಜಿಯ ಹುಳು. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಸಾಯದ, ಗಂಧಕದ ಮುಲಾಮಿಗೆ ಹೋಗುವ ಸಾಮಾನ್ಯ ಕಜ್ಜಿ.

ಹಾಗಾದರೆ ಸಕೀನಮ್ಮನ ಕೈ? ಟ್ರಂಕಿನಿಂದ ನನ್ನ ಚರ್ಮರೋಗದ ಪುಸ್ತಕ ತೆಗೆದೆ. ಕಜ್ಜಿಯ ಅಧ್ಯಾಯದ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಪ್ಯಾರಾ. ಕಾಯಿಲೆಯ ಜೊತೆ ಹೋರಾಡುವ ಶಕ್ತಿಯನ್ನು ಮೈ ಕಳೆದುಕೊಂಡಿದ್ದರೆ, ಇದೇ ಹುಳು ಸಾವಿರ ಸಾವಿರವಾಗಿ ಬೆಳೆದು ದಪ್ಪ ಹೊಪ್ಪಳೆ ಕಟ್ಟುತ್ತದೆ, ತುರಿಕೆ ಇರದಿರಬಹುದು, ಕುಷ್ಠವೆಂದು ತಪ್ಪು ತಿಳಿಯುವುದುಂಟು. ಆ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನ ಗೆರೆ ಇತ್ತು. ಪರೀಕ್ಷೆಗೆ ಓದುವಾಗ ನಾನೇ ಎಳೆದದ್ದು.

ಬೆಳಗಿನ ಬಸ್ಸಿಗೆ ಶಿರಾಕ್ಕೆ ಹೋದೆ. ಕೊಟ್ಟಿಗೆಯಲ್ಲಿ ಸಕೀನಮ್ಮ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಮುಚ್ಚಿಟ್ಟ ತಟ್ಟೆ. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದಳು. ಕೈಯಿಂದ ಒಂದು ಚೂರು ಹೊಪ್ಪಳೆ ತೆಗೆದು ಡಬ್ಬಿಗೆ ಹಾಕಿಕೊಂಡೆ. ಅದರೊಳಗೆ ಏನಿರುತ್ತದೆಂದು ಆಗಲೇ ಗೊತ್ತಿತ್ತು. ಆಮೇಲೆ, ಶ್ರಾವಣದಲ್ಲಿ ಕೇಳದ ಪ್ರಶ್ನೆಯನ್ನು ಕೇಳಿದೆ. ಉಬ್ಬಸಕ್ಕೆ ಏನು ತಗೊಳ್ತೀರಿ?

ಆಕೆ ಎಲೆಯಡಿಕೆ ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದಳು. ಪುಟ್ಟ ಬಿಳಿ ಮಾತ್ರೆಗಳು. ಎರಡು ವರ್ಷದ ಹಿಂದೆ ಪೇಟೆಯ ಯಾವುದೋ ಡಾಕ್ಟರು ಹತ್ತು ದಿನಕ್ಕೆಂದು ಬರೆದುಕೊಟ್ಟಿದ್ದರಂತೆ. ಎರಡನೆಯ ದಿನಕ್ಕೇ ಉಸಿರು ಬಂತು. ಹತ್ತು ದಿನದ ಮೇಲೆ ನಿಲ್ಲಿಸಿದರೆ ಮತ್ತೆ ಹೋಯಿತು. ಖಾಲಿ ಬಾಟಲಿ ತೋರಿಸಿದರೆ ಅಂಗಡಿಯವರು ಕೊಡುತ್ತಿದ್ದರು. ಅಂದಿನಿಂದ ದಿನವೂ ನುಂಗುತ್ತಿದ್ದಳು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಆಗ ಅದು ಹೊಸ ಔಷಧಿ, ಕಾಲೇಜಿನಲ್ಲಿ ಮಿರಾಕಲ್ ಡ್ರಗ್ ಅನ್ನುತ್ತಿದ್ದರು. ಮುಖವನ್ನು ಹುಣ್ಣಿಮೆ ಚಂದ್ರನನ್ನಾಗಿ ಮಾಡಿದ್ದು ಅದೇ. ಮೈಯ ಕಾವಲನ್ನು ಮಲಗಿಸಿ, ಒಳಗೆ ಹುಳು ಬೆಳೆಯಲು ಬಿಟ್ಟದ್ದೂ ಅದೇ.

"ಹಂಗಾರೆ ಅದಲ್ವಾ?" ಅಂದಳು ಸಕೀನಮ್ಮ. ಆ ಕಾಯಿಲೆಯ ಹೆಸರನ್ನು ಆಕೆ ಬಾಯಿಂದ ಆಡಲಿಲ್ಲ.

ಅಲ್ಲ, ಅಂದೆ. ನಾನು ತಪ್ಪು ಬರೆದೆ, ಅಂದೆ.  ಆಕೆ ಬಯ್ಯಲಿಲ್ಲ. ಆಡೊಂದು ಆಕೆಯ ಸೆರಗು ಜಗಿಯುತ್ತಿತ್ತು, ಬಿಡಿಸಿಕೊಂಡಳು.

ಆಕೆಯನ್ನು ಜಟಕಾದಲ್ಲಿ ಕರೆತಂದು ಡಿಸ್ಪೆನ್ಸರಿಯ ಹಿಂದಿನ ಕೋಣೆಯಲ್ಲಿ ಇರಿಸಿಕೊಂಡೆ. ತಿಮ್ಮಕ್ಕ ಆ ಬಾಗಿಲು ದಾಟಲಿಲ್ಲ. ನೀರು ಕಾಯಿಸಿ ಹೊಸಿಲಿನಲ್ಲಿಟ್ಟು ಹೋಗುತ್ತಿದ್ದಳು. ಸಕೀನಮ್ಮನ ಕೈ ನೆನೆಸಿ, ಸೋಪು ಹಚ್ಚಿ, ಹೊಪ್ಪಳೆ ಎಬ್ಬಿಸಿ, ಗಂಧಕದ ಮುಲಾಮು ಹಚ್ಚುವುದು ನನ್ನ ಕೆಲಸವಾಯಿತು. ಆ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯ. ವಾರಕ್ಕಿಷ್ಟು ಎಂದು ಕತ್ತರಿಸುತ್ತ ಬಂದೆ. ಸುಲಭವಾಗಿರಲಿಲ್ಲ. ಮಾತ್ರೆ ಕಡಿಮೆಯಾದಂತೆ ಉಬ್ಬಸ ಹಿಂದಕ್ಕೆ ಬಂತು. ಉಬ್ಬಸದ ಹಳೆಯ ಔಷಧಿ ಎಫೆಡ್ರಿನ್ ಕೊಟ್ಟರೂ ಮಲಗಲಾಗದೆ ಕೂತೇ ನಿದ್ದೆ ಮಾಡುತ್ತಿದ್ದಳು. ಕೈ ಮಾತ್ರ ತಿಳಿಯಾಗುತ್ತಿತ್ತು. ಮೂರನೆಯ ವಾರ ಕೊನೆಯ ಹೊಪ್ಪಳೆ ಬಿದ್ದು ಕೆಳಗಿನ ಚರ್ಮ ಎಳೆಗೂಸಿನದರ ಹಾಗೆ ಗುಲಾಬಿಯಾಗಿತ್ತು. ಹತ್ತಿಯಿಂದ ಸವರಿದೆ. "ಕಚಗುಳಿ ಬೇಟಿ," ಅಂದು ಕೈ ಎಳೆದುಕೊಂಡಳು. ಇಬ್ಬರೂ ನಕ್ಕೆವು. ಆ ವರ್ಷ ನಾನು ನಕ್ಕ ನೆನಪು ಅದೊಂದೇ.

ಅಷ್ಟು ಹೊತ್ತಿಗೆ ಸುತ್ತಿನ ಹೆಂಗಸರಿಗೆಲ್ಲ ಮುಲಾಮು ಕೊಟ್ಟು ತುರಿಕೆಯೂ ನಿಂತಿತ್ತು. ಇನ್ನೇನು ಕಷ್ಟ ಅಂದುಕೊಂಡೆ. ಕಾರ್ತಿಕದಲ್ಲಿ ತಿಮ್ಮಕ್ಕನ ಸೊಸೆಗೆ ಏಳು ತಿಂಗಳು ತುಂಬಿ ಬಳೆ ತೊಡಿಸುವ ಶಾಸ್ತ್ರವಿತ್ತು. ತಿಮ್ಮಕ್ಕನ ಮದುವೆಯ ಬಳೆ ತೊಡಿಸಿದವಳೇ ಸಕೀನಮ್ಮ. ಆಕೆಯನ್ನೇ ಕರೆಯಿರಿ, ನೀವು ಕರೆದರೆ ಊರು ಕರೆಯುತ್ತದೆ, ಎಂದು ಕೇಳಿಕೊಂಡೆ. ಅದು ಕಜ್ಜಿ ಮಾತ್ರ, ನನಗೂ ಇತ್ತು, ನಿಮಗೂ ಇತ್ತು, ನಮ್ಮದು ಹೋದ ಹಾಗೆ ಆಕೆಯದೂ ಹೋಯಿತು, ಎಂದು ಎಷ್ಟೋ ಬಗೆಯಲ್ಲಿ ಹೇಳಿದೆ. ತಿಮ್ಮಕ್ಕ ಸಿರಿಂಜುಗಳನ್ನು ಕುದಿಯುವ ನೀರಿಗೆ ಹಾಕುತ್ತಿದ್ದಳು. ಕೈ ನಿಲ್ಲಿಸಿದಳು.

"ನೀವು ಮೊದ್ಲು ಹೇಳಿದ್ನ ನಂಬುದ್ವಿ ಕಣಮ್ಮ," ಅಂದಳು. "ಓದ್ದೋರು, ಸುಳ್ ಹೇಳಕಿಲ್ಲ ಅಂತ. ಬಳೆ ಕಿತ್ತಾಕುದ್ವಿ. ಈಗ ಅದಲ್ಲ ಇದು ಅಂತೀರಿ. ನಾಳೆ ಇನ್ನೊಂದ್ ಅಂದ್ರೆ? ನನ್ ಸೊಸೆ ಬಸ್ರಿ."

ಸಿಟ್ಟಿನಿಂದ ಹೇಳಿದ್ದಲ್ಲ. ಅವಳ ಕಣ್ಣು ತುಂಬಿತ್ತು. 

ಸಂತೆಯ ದಿನ ನಾನು ಒಂದು ಪ್ಲ್ಯಾನ್ ಮಾಡಿದೆ. ಶಿರಾದಿಂದ ಆಕೆಯ ಮಲಾರ ತರಿಸಿ, ವರಾಂಡದಲ್ಲಿ ಎಲ್ಲರಿಗೂ ಕಾಣುವಂತೆ ಚಾಪೆ ಹಾಸಿ, ಸಕೀನಮ್ಮನ ಮುಂದೆ ಕೂತು, ಮುಲಾಮಿಗೆಂದು ಬಳೆ ತೆಗೆದಿದ್ದ ಕೈ ಚಾಚಿದೆ. ಆಕೆ ನನ್ನ ಗೆಣ್ಣು ಒತ್ತಿದಳು. ಬೆರಳುಗಳು ಹೊಸ ಚರ್ಮದಲ್ಲಿ ಅಳುಕುತ್ತ ಅಳುಕುತ್ತ ಹಳೆಯ ದಾರಿ ಹಿಡಿದವು. ಎರಡು ಡಜನ್, ಒಂದೂ ಒಡೆಯಲಿಲ್ಲ. ಅಂಗಳದಲ್ಲಿ ಬಹಳ ಹೆಂಗಸರು ನಿಂತಿದ್ದರು. ನಾನು ಎದ್ದು ಆಕೆಗೆ ನಮಸ್ಕಾರ ಮಾಡಿ, ಬನ್ನಿ, ಯಾರಾದರೂ ಬನ್ನಿ, ಅಂದ ಹಾಗೆ ತಿರುಗಿದೆ. ಯಾರೂ ಬರಲಿಲ್ಲ. ಹಿಂದಿನಿಂದ ಯಾರೋ, "ಡಾಕ್ಟ್ರಮ್ಮಂಗೇನು, ಅವರ್ ತಾವ ಔಸ್ದಿ ಐತೆ," ಅಂದರು. ನಾಲ್ಕು ಜನ ನಕ್ಕರು. ಬೇರೆಯವರು ನಗದೆ ಸಂತೆಗೆ ಹೋದರು.

ಸಕೀನಮ್ಮ ಬಳೆಗಳನ್ನು ಹಗ್ಗಕ್ಕೆ ಪೋಣಿಸಿದಳು. ನಾನು ಒಳಗೆ ಹೋಗಿ ಇನ್ನೊಂದು ಚೀಟಿ ಬರೆದೆ, ಈ ಸಲ ಕನ್ನಡದಲ್ಲಿ: ಈಕೆಗೆ ಕುಷ್ಠವಿಲ್ಲ, ಈಕೆಯ ಕೈಯಿಂದ ಯಾರಿಗೂ ಅಪಾಯವಿಲ್ಲ. ಸಹಿ ಹಾಕಿ, ಡಿಸ್ಪೆನ್ಸರಿಯ ಮೊಹರು ಒತ್ತಿ ತಂದುಕೊಟ್ಟೆ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದ್ನ ಯಾವ ಬಸ್ಸಿನಾಗೆ ಓದುಸ್ಲಿ ಬೇಟಿ?" ಅಂದಳು.

ಮಡಚಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡಳು, ನನ್ನ ಮನಸ್ಸಿಗೆ ನೋವಾಗದಿರಲಿ ಎಂದೇ ಇರಬೇಕು. ಮರುದಿನ ಬೆಳಗ್ಗೆ ಕೋಣೆ ಖಾಲಿಯಾಗಿತ್ತು. ಚಾಪೆ ಸುತ್ತಿ ಗೋಡೆಗೆ ಒರಗಿಸಿದ್ದಳು. ಮಲಾರವನ್ನು ಅಲ್ಲೇ ಮೊಳೆಗೆ ನೇತುಹಾಕಿ ಹೋಗಿದ್ದಳು. ಶಿರಾದಲ್ಲಿ ವಿಚಾರಿಸಿದರೆ ತಮ್ಮ ಗೊತ್ತಿಲ್ಲವೆಂದ. ಯಾರೂ ಆ ಬಳೆಗಳನ್ನು ಮುಟ್ಟಲಿಲ್ಲ. ನಾನು ಆ ಊರು ಬಿಡುವವರೆಗೂ ಅವು ಅಲ್ಲೇ ಧೂಳು ಹಿಡಿಯುತ್ತಿದ್ದವು.

ಮುಂದಿನ ಬೇಸಗೆಯಲ್ಲಿ ಸಿಡುಬಿನ ಲಸಿಕೆಯ ಡ್ಯೂಟಿ ಮೇಲೆ ನನ್ನನ್ನು ಪಾವಗಡಕ್ಕೆ ಹಾಕಿದರು. ಅಲ್ಲಿ ಬಂಡೆಗಳ ಕಾವು ಸಂಜೆಯಾದರೂ ಆರುತ್ತಿರಲಿಲ್ಲ. ಜನರ ಬಾಯಲ್ಲಿ ಅರ್ಧ ತೆಲುಗು. ಒಂದು ದಿನ ಕಡಲೆಕಾಯಿ ಮಂಡಿಯೊಂದರ ಅಂಗಳದಲ್ಲಿ ಮೇಜು ಹಾಕಿದೆವು. ತಗಡಿನ ಚಪ್ಪರದ ಕೆಳಗೆ ಕಾಯಿ ಸುಲಿದು ಬೀಜ ಆರಿಸುವ ಮೂವತ್ತು ನಲವತ್ತು ಹೆಂಗಸರು, ಗಾಳಿಯಲ್ಲೆಲ್ಲ ಸಿಪ್ಪೆಯ ಧೂಳು. ಅವರ ನಡುವೆ ಒಂದು ಮುಖ ಕಂಡು ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಹುಣ್ಣಿಮೆಯೆಲ್ಲ ಕರಗಿ ಕೆನ್ನೆಯ ಮೂಳೆ ಎದ್ದಿತ್ತು. ಧೂಳಿಗೆ ಉಸಿರು ಸುಂಯ್‌ಗುಡುತ್ತಿತ್ತು. ಉಬ್ಬಸದವಳಿಗೆ ಅದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಪಕ್ಕದ ಹುಡುಗಿ, ಹದಿನೆಂಟೋ ಇಪ್ಪತ್ತೋ ವಯಸ್ಸಿನ ಹೊಸ ಮದುವಣಗಿತ್ತಿ, ಏನೋ ಹರಟುತ್ತ ಸಕೀನಮ್ಮನ ಅಂಗೈಯಿಂದ ನಾಲ್ಕು ಬೀಜ ತೆಗೆದು ಬಾಯಿಗೆ ಹಾಕಿಕೊಂಡಳು. ಪಿನ್ನಮ್ಮಾ, ಅಂದರೆ ಚಿಕ್ಕಮ್ಮಾ, ಎಂದು ಕರೆಯುತ್ತಿದ್ದಳು.

ನಾನು ಎದ್ದುಬಿಟ್ಟೆ. ಹತ್ತಿರ ಹೋಗಿ ಬಗ್ಗಿ, ಆ ಎರಡೂ ಕೈ ಹಿಡಿದುಕೊಳ್ಳಬೇಕೆಂದು ಕೈ ಚಾಚಿದೆ. ಸಕೀನಮ್ಮ ತಲೆ ಎತ್ತಲಿಲ್ಲ. ಕೈಗಳನ್ನು ಬೀಜದ ರಾಶಿಯೊಳಗೆ ಮಣಿಕಟ್ಟಿನ ತನಕ ಇಳಿಸಿದಳು.

"ಬ್ಯಾಡ ಬೇಟಿ," ಅಂದಳು, ನನಗೊಬ್ಬಳಿಗೇ ಕೇಳುವ ಹಾಗೆ. "ಇಲ್ಲಿ ಯಾರ್ಗೂ ತಿಳೀದು. ಡಾಕ್ಟ್ರು ಯಾಕೆ ನಿನ್ ಕೈ ಹಿಡುದ್ರು ಅಂತ ಕೇಳ್ತಾರೆ."

ಹಿಂದಕ್ಕೆ ಬಂದು ಮೇಜಿನ ಮುಂದೆ ಕೂತೆ. ಹೆಂಗಸರು ಸಾಲಾಗಿ ನಿಂತರು. ಆಕೆಯ ಸರದಿ ಬಂದಾಗ ಹೆಸರು ಕೇಳಿದೆ. ಬೇರೆ ಯಾವುದೋ ಹೆಸರು ಹೇಳಿದಳು. ಬರೆದುಕೊಂಡೆ. ತೋಳು ಮುಂದೆ ಮಾಡಿದಳು. ಆಕೆಯ ಮಣಿಕಟ್ಟು ನನ್ನ ಕೈಯಲ್ಲಿತ್ತು, ಬಿಸಿಯಾಗಿ, ಹಗುರವಾಗಿ. ಆ ಬಿಳಿ ಮಾತ್ರೆ ನುಂಗುವವರಿಗೆ ಸಿಡುಬಿನ ಲಸಿಕೆ ಹಾಕಬಾರದು. ಕಾವಲಿಲ್ಲದ ಮೈಯಲ್ಲಿ ಲಸಿಕೆ ಎಬ್ಬಿಸುವ ಹುಣ್ಣು ಹರಡುತ್ತ ಹೋಗಿ ಜೀವ ತೆಗೆಯಬಹುದು. ಆಕೆ ಉಬ್ಬಸ ತಾಳಲಾರದೆ ಮತ್ತೆ ಮಾತ್ರೆಗೆ ಹೋಗಿದ್ದಾಳೋ, ಬಿಟ್ಟೇ ಇದ್ದಾಳೋ? ಅಷ್ಟು ಜನರ ಮುಂದೆ ಹೇಗೆ ಕೇಳಲಿ? ತೋಳಿನ ಮೇಲೆ ಹಿಂದೆಂದೋ ಹಾಕಿದ ಲಸಿಕೆಯ ಗುರುತುಗಳಿದ್ದವು, ಆ ಕಾವಲೇ ಸಾಕೆಂದುಕೊಂಡೆ. ಲಸಿಕೆಯ ಹನಿ ಇಡದೆ, ಒಣ ಸೂಜಿಯನ್ನು ಚರ್ಮದ ಮೇಲೆ ಮೆಲ್ಲಗೆ ತಿರುಗಿಸಿ, ಆಯಿತು ಅಂದೆ. ಹನಿ ಇಟ್ಟಿಲ್ಲವೆಂದು ಆಕೆ ನೋಡಿದಳು. ಸೆರಗನ್ನು ತೋಳಿನ ಮೇಲೆ ಎಳೆದುಕೊಂಡಳು. ಕ್ಷಮಿಸಿ ಎನ್ನಬೇಕೆಂದು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದ ಮಾತು ನನ್ನಲ್ಲೇ ಉಳಿಯಿತು.

ಹಿಂದೆ ನಿಂತಿದ್ದ ಆ ಹೊಸ ಮದುವಣಗಿತ್ತಿ ಸೂಜಿ ನೋಡಿ ಹೆದರಿ ಸಾಲಿನಿಂದ ಹೊರಗೆ ಸರಿಯುತ್ತಿದ್ದಳು. ಸಕೀನಮ್ಮ ತಿರುಗಿದಳು. "ನೊಪ್ಪಿ ಲೇದು, ರಾವೇ," ಅಂದಳು, ನೋವಿಲ್ಲ ಬಾರೇ ಎಂದು, ನಾನು ಆಕೆಯ ಬಾಯಲ್ಲಿ ಎಂದೂ ಕೇಳಿರದ ತೆಲುಗಿನಲ್ಲಿ. ಹುಡುಗಿಯ ಕೈ ಹಿಡಿದು, ಗೆಣ್ಣುಗಳನ್ನು ಮೆಲ್ಲಗೆ ಒತ್ತುತ್ತ, ಏನೋ ಮಾತಾಡುತ್ತ, ನನ್ನ ಮೇಜಿನವರೆಗೂ ಕರೆತಂದಳು. ಹುಡುಗಿ ಕೈ ಬಿಡಿಸಿಕೊಳ್ಳಲಿಲ್ಲ. ನಾನು ಲಸಿಕೆ ಹಾಕಿ ತಲೆ ಎತ್ತುವಷ್ಟರಲ್ಲಿ ಇಬ್ಬರೂ ಚಪ್ಪರದ ಕೆಳಗೆ ಹೋಗಿ ಬೀಜದ ರಾಶಿಯ ಮುಂದೆ ಕೂತಿದ್ದರು.